ಮೊದಲು ಕನ್ನಡದಲ್ಲಿ ಹೇಳಿ, ಆಮೇಲೆ ಪೇಪರ್ ಬರೆಯಿರಿ: ಹಾಸನದ ನನ್ನ ಅನುಭವ

ಇಂಗ್ಲಿಷ್ ಜರ್ನಲ್‌ಗೆ ಸಂಶೋಧನಾ ಪೇಪರ್ ಬರೆಯೋದನ್ನು ಕನ್ನಡದಲ್ಲಿ ಕಲಿಸ್ತೀನಿ ಅಂದಾಗ ಹಾಸನದಲ್ಲಿ ನಕ್ಕವರೇ ಜಾಸ್ತಿ. "ಅದೂ ಗಿನಿಪಿಗ್ ಸಾಕಣೆ ಮೇಲಾ? ಯಾರ್ ಬರ್ತಾರೆ ಸಾರ್? ನೀವು, ನಾನು, ಎರಡು ಗಿನಿಪಿಗ್" ಅಂದರು ಹಳೇ ಸಹೋದ್ಯೋಗಿಯೊಬ್ಬರು. ನನ್ನ ಕಾರ್ಯಾಗಾರದ ಕಳೆದ ಬ್ಯಾಚಿನಲ್ಲಿ ಹದಿನೈದು ಚಿಲ್ಲರೆ ಜನ ಕೂತಿದ್ದರು. ಅದರಲ್ಲಿ ಆರೇಳು ಪೇಪರ್ ಅಚ್ಚಾಗಿವೆ, ಇಲ್ಲವೇ ರಿವಿಷನ್‌ನಲ್ಲಿವೆ. ಆ ಸಹೋದ್ಯೋಗಿ ಈಗ ತಮ್ಮ ವಿದ್ಯಾರ್ಥಿಗಳನ್ನೇ ಕಳಿಸ್ತಾರೆ. ಹಾಗಾಗಿ ಸ್ವಲ್ಪ ಜಂಬದಿಂದಲೇ ಬರೆಯುತ್ತಿದ್ದೇನೆ.

ಶುರುವಿನಲ್ಲಿ ಎಲ್ಲರೂ ಮಾಡುವ ಹಾಗೇ ಮಾಡಿದ್ದೆವು. ಬಿ.ಎಂ. ರಸ್ತೆ ಕಡೆ ಎಸಿ ಹಾಲ್. ಹೊರಗಿನಿಂದ ಬಂದ ಸಂಪನ್ಮೂಲ ವ್ಯಕ್ತಿ, ಅವರಿಗೆ ಕಾರು, ರೂಮು, ಶಾಲು, ಹಾರ. ನೂರಕ್ಕೂ ಜಾಸ್ತಿ ಸ್ಲೈಡು. ಸಂಜೆ ಎಲ್ಲರೂ ಸರ್ಟಿಫಿಕೇಟ್ ಹಿಡಿದು ಫೋಟೋ ತೆಗೆಸಿಕೊಂಡು ಬಸ್ ಹತ್ತಿದರು. ಒಬ್ಬರೂ ಒಂದು ಪ್ಯಾರಾ ಬರೆಯಲಿಲ್ಲ. ಖರ್ಚು ಐವತ್ತು ಸಾವಿರ ದಾಟಿತ್ತು. ಬ್ಯಾನರಿನಲ್ಲಿ ದೊಡ್ಡದಾಗಿ ಹೆಸರು ಹಾಕಿಸಿಕೊಂಡ ಪ್ರಾಯೋಜಕರು ದುಡ್ಡು ಕೊಡಲಿಲ್ಲ, ಆಮೇಲೆ ಫೋನೂ ಎತ್ತಲಿಲ್ಲ. ಹೆಚ್ಚುಕಮ್ಮಿ ಅರ್ಧ ನನ್ನ ಜೇಬಿನಿಂದಲೇ ಹೋಯ್ತು. ಹೆಸರು ಪ್ರಿಂಟ್ ಆಗಿ ಉಳಿದ ಬ್ಯಾಗುಗಳಲ್ಲಿ ಈಗಲೂ ನಮ್ಮನೆಗೆ ತರಕಾರಿ ಬರುತ್ತೆ.

ಮುಂದಿನ ಸಲ ಇಂಗ್ಲಿಷ್ ಮೇಷ್ಟ್ರೊಬ್ಬರಿಂದ ವ್ಯಾಕರಣ ಹೇಳಿಸಿದೆವು. ವಾಕ್ಯಗಳು ಸರಿಯಾದವು, ಪೇಪರ್ ಸರಿಯಾಗಲಿಲ್ಲ. ತಾನು ಏನು ಕಂಡುಕೊಂಡೆ ಅನ್ನೋದೇ ಬರೆಯುವವರಿಗೆ ಗೊತ್ತಿರಲಿಲ್ಲ.

ದಾರಿ ಸಿಕ್ಕಿದ್ದು ಗಿನಿಪಿಗ್ ಶೆಡ್ಡಿನಲ್ಲಿ. ನೇಪಿಯರ್ ಹುಲ್ಲಿನ ಜೊತೆ ಕುದುರೆ ಮಸಾಲೆ (ಲ್ಯೂಸರ್ನ್ ಮೇವು) ಸೊಪ್ಪು ಕೊಟ್ಟು ಪ್ರಯೋಗ ಮಾಡಿದ್ದ ಹುಡುಗಿಯೊಬ್ಬಳು ತನ್ನ ಪೇಪರಿನ ಅಬ್‌ಸ್ಟ್ರ್ಯಾಕ್ಟನ್ನು, ಅಂದರೆ ಸಾರಾಂಶವನ್ನು, ನನಗೆ ಓದಿ ಹೇಳ್ತಿದ್ದಳು. ಪಂಜರ ಗುಡಿಸುತ್ತಿದ್ದ ಅಣ್ಣ ಪೂರ್ತಿ ಕೇಳಿಸಿಕೊಂಡು, "ಹಂಗಾದ್ರೆ ನಾಳೆಯಿಂದ ಸೊಪ್ಪು ಎಷ್ಟು ಹಾಕ್ಲಿ ಮೇಡಂ?" ಅಂದ. ಅವಳು ಸುಮ್ಮನಾದಳು. ಸ್ವಲ್ಪ ಹೊತ್ತಾದ ಮೇಲೆ, "ಸೊಪ್ಪು ಅರ್ಧ ಮಾಡಿದ್ರೂ ತೂಕ ಕಮ್ಮಿ ಆಗ್ಲಿಲ್ಲ ಅಣ್ಣ. ಪೂರ್ತಿ ನಿಲ್ಲಿಸಿದ್ರೆ ಮಾತ್ರ ಮರಿ ಸೊರಗ್ತವೆ" ಅಂದಳು. ಅಷ್ಟನ್ನು ಅಲ್ಲೇ ಫೀಡ್ ಚೀಲದ ಮೇಲೆ ಮಾರ್ಕರಿನಲ್ಲಿ ಬರೆದೆ. ಅವಳ ಕರಡಿನಲ್ಲಿ ಆ ಮಾತು ಎಲ್ಲಿಯೂ ಇರಲಿಲ್ಲ! ಎಂಟು ಪುಟ ತಿರುವಿದರೂ 'ಪರಿಣಾಮದ ಅಧ್ಯಯನ' ಬಿಟ್ಟರೆ ಬೇರೇನೂ ಇಲ್ಲ. ಪೇಪರನ್ನು ಆ ಎರಡು ವಾಕ್ಯದ ಸುತ್ತ ಮತ್ತೆ ಕಟ್ಟಿದೆವು.

ಈಗ ಕಾರ್ಯಾಗಾರ ಶುರುವಾಗೋದೇ ಹಾಗೆ. ಲ್ಯಾಪ್‌ಟಾಪ್ ಮುಚ್ಚಿ, ಏನು ಗೊತ್ತಾಯ್ತು ಅಂತ ಕನ್ನಡದಲ್ಲಿ ಹೇಳಬೇಕು, ಅದೂ ಮೇವು ಹಾಕುವವರಿಗೆ. ಆಮೇಲೆ ಟೇಬಲ್, ಆಮೇಲೆ ವಿಧಾನ. ಪೀಠಿಕೆ ಕಟ್ಟಕಡೆಗೆ. ಪೀಠಿಕೆ ಮೊದಲು ಬರೆಯಲು ಬಿಟ್ಟರೆ ಎಲ್ಲರೂ ಹಿಂದೆ ಗಿನಿಪಿಗ್ ಸಾಕುತ್ತಿದ್ದ ಇಂಕಾ ಸಾಮ್ರಾಜ್ಯದಿಂದ ಹೊರಟು ಮಧ್ಯಾಹ್ನದ ಊಟಕ್ಕೂ ಹಾಸನ ತಲುಪೋದಿಲ್ಲ.

ಜಾಸ್ತಿ ಹೊತ್ತು ತಿನ್ನೋದು ಪಂಜರದ ಲೆಕ್ಕ. ಒಬ್ಬರು ನಲವತ್ತು ಪ್ರಾಣಿ, ನಾಲ್ಕು ಪಂಜರ, ನಾಲ್ಕು ಆಹಾರ ಇಟ್ಟುಕೊಂಡು ಬಂದರು. ಗುಂಪಿಗೆ ಎನ್ (ಲೆಕ್ಕಕ್ಕೆ ಸಿಗುವ ಮಾದರಿಗಳ ಸಂಖ್ಯೆ) ಹತ್ತು ಅಂತ ಬರೆದಿದ್ದರು. ಪಂಜರಕ್ಕೆ ಇದ್ದಿದ್ದು ಒಂದೇ ತಟ್ಟೆ. ಯಾವುದು ಎಷ್ಟು ತಿಂತು ಅಂತ ಯಾರಿಗೆ ಗೊತ್ತು? ತಿಂದ ಲೆಕ್ಕಕ್ಕೆ ಅಲ್ಲಿ ಎನ್ ಹತ್ತಲ್ಲ, ಒಂದು. 2010ರಲ್ಲಿ ಬಂದು 2020ರಲ್ಲಿ ಪರಿಷ್ಕೃತವಾದ, ಪ್ರಾಣಿ ಪ್ರಯೋಗದ ವರದಿ ಹೇಗೆ ಬರೆಯಬೇಕು ಅಂತ ಹೇಳುವ ಅರೈವ್ ಮಾರ್ಗಸೂಚಿಯಲ್ಲಿ ಮೊದಲನೇ ಅಂಶದಲ್ಲೇ ಪ್ರಯೋಗದ ಘಟಕ ಯಾವುದು, ಪ್ರಾಣಿಯೋ ಪಂಜರವೋ, ಅಂತ ಕೇಳ್ತಾರೆ. ಅಲ್ಲಿ ತಪ್ಪಿದರೆ ಅನೋವಾ, ಡಂಕನ್ ಟೆಸ್ಟ್‌ನಂಥ ಯಾವ ಸಂಖ್ಯಾಶಾಸ್ತ್ರದ ಲೆಕ್ಕವೂ ಆಮೇಲೆ ಸರಿ ಮಾಡಲ್ಲ. ಅವರು ಬೇಜಾರು ಮಾಡಿಕೊಂಡೇ ಹೋದರು, ಚಿಕ್ಕ ಪಂಜರ ಮಾಡಿಸಿ ಮತ್ತೆ ಪ್ರಯೋಗ ಮಾಡಿದರು. ಪಂಜರಕ್ಕೇ ಹತ್ತು ಹನ್ನೆರಡು ಸಾವಿರ ಆಯ್ತಂತೆ. ಅದಕ್ಕೇ ಈಗ ಪ್ರಯೋಗಕ್ಕೆ ಮುಂಚೆಯೇ ಪಂಜರದ ನಕ್ಷೆ ಕಳಿಸಿ ಅಂತ ಹೇಳೋದು.

ಮರಿಗಳ ತೂಕದಲ್ಲೂ ಇದೇ ಕಥೆ. ಒಂದು ಸೂಲಿನಲ್ಲಿ ಎರಡರಿಂದ ನಾಲ್ಕು ಮರಿ ಸಾಮಾನ್ಯ. ಮರಿ ಜಾಸ್ತಿ ಇದ್ದಷ್ಟು ಹುಟ್ಟುತೂಕ ಕಮ್ಮಿ. ಯಾವ ಮರಿ ಯಾವ ಸೂಲಿನದು ಅಂತ ಟೇಬಲ್‌ನಲ್ಲಿ ಕಾಲಮ್ ಇಲ್ಲದಿದ್ದರೆ ನಾನು ಮುಂದೆ ಓದೋದೇ ಇಲ್ಲ. ಮೊಲದ ಪೇಪರಿನಿಂದ ನಕಲು ಹೊಡೆದು ಗರ್ಭಾವಧಿ ಒಂದು ತಿಂಗಳು ಅಂತ ಬರೆದವರೂ ಇದ್ದಾರೆ. ಗಿನಿಪಿಗ್‌ಗೆ ಎರಡು ತಿಂಗಳ ಮೇಲೇ ಬೇಕು, ಸುಮಾರು 68 ದಿನ.

ವಿಟಮಿನ್ ಸಿ ವಿಷಯದಲ್ಲಿ ನನ್ನದು ಸ್ವಲ್ಪ ಹಟ. ಈ ಪ್ರಾಣಿಗೆ ಅದನ್ನು ತಾನೇ ತಯಾರಿಸಿಕೊಳ್ಳಲು ಆಗಲ್ಲ. 1907ರಲ್ಲಿ ನಾರ್ವೆಯ ವಿಜ್ಞಾನಿಗಳಾದ ಹೋಲ್ಸ್ಟ್ ಮತ್ತು ಫ್ರೋಲಿಕ್ ಸ್ಕರ್ವಿ (ವಿಟಮಿನ್ ಸಿ ಕೊರತೆಯ ರೋಗ) ತೋರಿಸಿದ್ದೇ ಇದರ ಮೇಲೆ. ಅಂದಮೇಲೆ ಸೊಪ್ಪು ನಿಲ್ಲಿಸಿದ ಪ್ರಯೋಗದಲ್ಲಿ ಮರಿ ಸೊರಗಿದ್ದು ಪ್ರೋಟೀನ್ ಇಲ್ಲದೆಯೋ, ವಿಟಮಿನ್ ಇಲ್ಲದೆಯೋ? ಎಷ್ಟು ಕೊಟ್ಟಿರಿ, ನೀರಿನಲ್ಲೋ ಪೆಲೆಟ್‌ನಲ್ಲೋ (ಮೇವಿನ ಗುಳಿಗೆ), ಪೆಲೆಟ್ ಎಷ್ಟು ಹಳೇದು ಅಂತ ಬರೆಯಬೇಕು. ಮೂರು ತಿಂಗಳು ದಾಟಿದ ಪೆಲೆಟ್ಟನ್ನು ಆ ವಿಷಯಕ್ಕೆ ನಂಬೋ ಹಾಗಿಲ್ಲ. ಮೊದಲು ಹೇಳಿದ ಹುಡುಗಿಯ ಪೇಪರ್ ಉಳಿದಿದ್ದೇ, ಅವಳು ಎಲ್ಲ ಗುಂಪಿಗೂ ಹನಿ ಲೆಕ್ಕದಲ್ಲಿ ವಿಟಮಿನ್ ಕುಡಿಸಿ ಪುಸ್ತಕದಲ್ಲಿ ಬರೆದಿಟ್ಟಿದ್ದಕ್ಕೆ.

ಇನ್ನೊಂದು ತಲೆನೋವು ಹಳೇ ಪೇಪರ್‌ಗಳದ್ದು. ಗಿನಿಪಿಗ್ ಮಾಂಸಕ್ಕೆ ಸಾಕುವ ಕೆಲಸ ಹೆಚ್ಚಾಗಿ ನಡೆದಿರೋದು ಪೆರು, ಈಕ್ವೆಡಾರ್, ಬೊಲಿವಿಯಾದಲ್ಲಿ, ಆಫ್ರಿಕಾದಲ್ಲಿ ಕ್ಯಾಮರೂನ್, ಕಾಂಗೋ ಕಡೆ. ಬರವಣಿಗೆಯಲ್ಲಿ ಬಹುಪಾಲು ಸ್ಪ್ಯಾನಿಷ್, ಫ್ರೆಂಚ್. ನಮ್ಮವರು ಇಂಗ್ಲಿಷಿನಲ್ಲಿ ಸಿಕ್ಕಷ್ಟು ನೋಡಿ 'ಇದೇ ಮೊದಲ ಅಧ್ಯಯನ' ಅಂತ ಬರೆದುಬಿಡ್ತಾರೆ. 1997ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಎಫ್‌ಎಒ ಸ್ಪ್ಯಾನಿಷಿನಲ್ಲಿ ತಂದ ಕೈಪಿಡಿಯನ್ನು ಮೊಬೈಲ್ ಅನುವಾದದಲ್ಲಿ ಓದಿದರೂ ಸಾಕು, ಆ ಸಾಲು ತಾನಾಗೇ ಅಳಿಸಿಹೋಗುತ್ತೆ. ಪೆರುವಿನ ಸುಧಾರಿತ ತಳಿ ಎರಡು ತಿಂಗಳಿಗೇ ಒಂದು ಕೆಜಿ ಹತ್ತಿರ ಬರುತ್ತೆ. ಅದರ ಪಕ್ಕ ನಮ್ಮ ಲ್ಯಾಬ್ ತಳಿಯ ತೂಕ ಇಟ್ಟು 'ಬೆಳವಣಿಗೆ ಕುಂಠಿತ' ಅಂದರೆ ಜರ್ನಲ್ ಪರವಾಗಿ ಪೇಪರ್ ಪರೀಕ್ಷಿಸುವ ರಿವ್ಯೂವರ್ ಬಿಡ್ತಾರಾ?

ಕ್ಯಾಮರೂನಿನಿಂದ ಓದಲು ಬಂದಿದ್ದ ಹುಡುಗನೊಬ್ಬ ಒಂದು ಬ್ಯಾಚಿಗೆ ಸೇರಿದ್ದ. ಅವನಿಗೆ ಕನ್ನಡ ಬರಲ್ಲ. ಫ್ರೆಂಚಿನಲ್ಲೇ ಹೇಳು ಅಂದೆ. ಹತ್ತು ನಿಮಿಷ ಕೈ ಬೀಸಿ ಹೇಳಿದ, ನಮಗೊಬ್ಬರಿಗೂ ತಿಳಿಯಲಿಲ್ಲ. ಅವನಿಗೆ ಮಾತ್ರ ತನ್ನ ಎರಡನೇ ಟೇಬಲ್ ದಂಡ ಅಂತ ಗೊತ್ತಾಯ್ತು. ಅವತ್ತೇ ಕಿತ್ತು ಹಾಕಿದ.

ಮಾತನ್ನು ಮೊಬೈಲಿಗೆ ಹೇಳಿ ಟೈಪ್ ಮಾಡಿಸುವುದನ್ನೂ ನೋಡಿದೆವು. ಆಡುಮಾತಿಗೆ ಅದು ತಡವರಿಸುತ್ತೆ. 'ಕುದುರೆ ಮಸಾಲೆ'ಯನ್ನು ಅಡುಗೆ ಮಾಡಿಬಿಡುತ್ತೆ. ಬರೀ ರೆಕಾರ್ಡ್ ಮಾಡಿ, ಆಮೇಲೆ ಕೇಳಿ ಬರೆದುಕೊಳ್ಳೋದೇ ವಾಸಿ. ಎಐಗೆ ಕೊಟ್ಟು ಇಂಗ್ಲಿಷ್ ತಿದ್ದಿಸುವವರನ್ನು ನಾನು ತಡೆಯಲ್ಲ, ಆದರೆ ಕನ್ನಡದ ವಾಕ್ಯ ಗೋಡೆ ಮೇಲೆ ಅಂಟಿಸಿದ ಮೇಲೆ.

ಚರ್ಚೆ ಭಾಗವನ್ನು ಅರ್ಧ ದಿನದಲ್ಲಿ ಹೇಗೆ ಬರೆಸ್ತೀನಿ ಅನ್ನೋದನ್ನು ಇಲ್ಲಿ ಹೇಳಲ್ಲ. ರಿವ್ಯೂವರಿಗೆ ಉತ್ತರ ಬರೆಯುವ ನನ್ನ ನಾಲ್ಕು ಬಣ್ಣದ ಪೆನ್ನಿನ ವಿಧಾನವನ್ನೂ ಅಷ್ಟೇ. ಬಂದು ಕಲಿಯಿರಿ.

ಈಗ ಎಸಿ ಹಾಲ್ ಇಲ್ಲ. ಸ್ನೇಹಿತರ ಮನೆ ಮಹಡಿ, ಊಟಕ್ಕೆ ಅಕ್ಕಿರೊಟ್ಟಿ, ಚಟ್ನಿ, ಮಜ್ಜಿಗೆ. ತಲೆಗೆ ಸುಮಾರು ಒಂದೂವರೆ ಸಾವಿರ ತಗೋತೀನಿ, ಎರಡು ಮೂರು ಸಾವಿರ ಉಳಿಯುತ್ತೆ. ಸರ್ಟಿಫಿಕೇಟ್ ಪೇಪರ್ ಸಲ್ಲಿಸಿದ ಮೇಲೇ. ಬರುವವರು ಕಚ್ಚಾ ಡೇಟಾ ಪುಸ್ತಕ, ಪ್ರಾಣಿ ನೀತಿ ಸಮಿತಿಯ ಅನುಮತಿ ಪತ್ರ ತರಬೇಕು. ಎಕ್ಸ್‌ಟೆನ್ಶನ್ ಬಾಕ್ಸೂ ತನ್ನಿ, ಮಹಡಿಯಲ್ಲಿ ಇರೋದು ಎರಡೇ ಪ್ಲಗ್ ಪಾಯಿಂಟ್.