ಸಾರಿನ ಪುಡಿಗೂ ಪ್ಲಾನಿಂಗ್ ಆಫೀಸಿಗೂ ಏನು ನಂಟು?

2022ರಲ್ಲಿ ಕ್ಯಾಲಿಫೋರ್ನಿಯಾದ ನಮ್ಮ ಮನೆಯಿಂದಲೇ ಸಾರಿನ ಪುಡಿ ಮಾರಲು ಹೊರಟೆ. ಕೌಂಟಿಯ (ಅಂದರೆ ನಮ್ಮ ಜಿಲ್ಲೆಯಂಥದ್ದು) ಆರೋಗ್ಯ ಇಲಾಖೆಯಿಂದ ಒಂದು ನೋಂದಣಿ ನಂಬರ್ ಸಿಕ್ಕರೆ ಮುಗೀತು ಅಂದುಕೊಂಡಿದ್ದೆ. ಅಲ್ಲಿದ್ದವರು ಪುಡಿಯ ಸುದ್ದಿಯನ್ನೇ ಎತ್ತಲಿಲ್ಲ. 'ನಿಮ್ಮ ಊರಿನ ಪ್ಲಾನಿಂಗ್ ಆಫೀಸಿನಲ್ಲಿ ಒಪ್ಪಿಗೆ ಆಗಿದೆಯಾ?' ಎಂದು ಕೇಳಿ ವಾಪಸ್ ಕಳಿಸಿದರು. ಊರಿನ ಯಾವ ಜಾಗದಲ್ಲಿ ಏನು ನಡೆಸಬಹುದು ಅಂತ ನೋಡಿಕೊಳ್ಳೋ ಆಫೀಸು ಅದು.

ಮನೆಯಲ್ಲೇ ತಿನಿಸು ಮಾಡಿ ಮಾರಲು ಬಿಡುವ ಕಾಟೇಜ್ ಫುಡ್ ಕಾನೂನು ಇಲ್ಲಿ 2013ರಿಂದ ಇದೆ. ವಸತಿ ಬಡಾವಣೆ ಅನ್ನೋ ಕಾರಣ ಹೇಳಿ ಊರಾಡಳಿತ ಇದನ್ನು ಪೂರ್ತಿ ಬೇಡ ಅನ್ನುವಂತಿಲ್ಲ. ಪಾರ್ಕಿಂಗ್, ವಾಹನ ಓಡಾಟ, ಸದ್ದು ಇಂಥವಕ್ಕೆ ಷರತ್ತು ಹಾಕಬಹುದು ಅಷ್ಟೇ. ನನ್ನನ್ನು ಕೇಳಿದ್ದೂ ಅದೇ: ಮನೆ ಮುಂದೆ ದಿನಕ್ಕೆ ಎಷ್ಟು ಕಾರು ನಿಲ್ಲುತ್ತವೆ? ಬ್ಯಾಡಗಿ ಮೆಣಸಿನಕಾಯಿ ಹುರಿಯುವ ಘಾಟಿನ ಬಗ್ಗೆ ಕೇಳಲಿಲ್ಲ. ನಾನೂ ಹೇಳಲು ಹೋಗಲಿಲ್ಲ ಬಿಡಿ.

ಈ ಕಾನೂನಿನಲ್ಲಿ ಎರಡು ಬಗೆ, ನಾನು ತಗೊಂಡದ್ದು ಕ್ಲಾಸ್ ಎ. ಗಿರಾಕಿಗೆ ನೇರವಾಗಿ ಮಾತ್ರ ಮಾರಬೇಕು. ಮೊದಲೇ ತಪಾಸಣೆ ಇಲ್ಲ, ನಿಯಮಗಳ ಪಟ್ಟಿಗೆ ನಾವೇ ಟಿಕ್ ಹಾಕಿ ಸಹಿ ಮಾಡಿದರಾಯಿತು. ಅಂಗಡಿಗೆ ಕೊಡೋದಾದರೆ ಕ್ಲಾಸ್ ಬಿ, ಅಡುಗೆಮನೆ ನೋಡಲು ಬರುತ್ತಾರೆ. ಎರಡರಲ್ಲೂ ಫ್ರಿಜ್ ಬೇಡದ ತಿನಿಸಿಗಷ್ಟೇ ಜಾಗ. ಬಿಸಿಬೇಳೆಬಾತಿಗೆ ಬೇರೆಯದೇ ಕಾನೂನು, ಅದೂ ಒಪ್ಪಿಕೊಂಡ ಕೌಂಟಿಗಳಲ್ಲಿ ಮಾತ್ರ.

ನಾನು ಎಡವಿದ್ದು ಲೇಬಲ್‌ನಲ್ಲಿ. 'ಮೇಡ್ ಇನ್ ಎ ಹೋಮ್ ಕಿಚನ್' ಎಂದು 12 ಪಾಯಿಂಟ್ ಅಕ್ಷರದಲ್ಲಿ ಹಾಕಿದ್ದೆ. ಸಾಮಾನುಗಳನ್ನು ತೂಕದ ಪ್ರಕಾರ, ಜಾಸ್ತಿ ಇರೋದು ಮೊದಲು ಬರುವಂತೆ ಬರೆದಿದ್ದೆ. ಮರೆತದ್ದು ಇಂಗು! ನಾನು ತರುವ ಡಬ್ಬಿಯ ಇಂಗಿನಲ್ಲಿ ಗೋಧಿ ಹಿಟ್ಟು ಇರುತ್ತದೆ, ಲೇಬಲ್‌ನಲ್ಲಿ ಹೇಳಲೇಬೇಕಾದ ಅಲರ್ಜಿ ಪದಾರ್ಥಗಳ ಪಟ್ಟಿಯಲ್ಲಿ ಗೋಧಿ ಇದೆ. ಮುದ್ರಿಸಿದ್ದೆಲ್ಲ ಕಸದ ಬುಟ್ಟಿಗೆ ಹೋಯಿತು.

ಕಾಗದಪತ್ರಕ್ಕಿಂತ ಕಷ್ಟವಾದದ್ದು ಇನ್ನೊಂದು ನಿಯಮ. ಪುಡಿ ಮಾಡುವ ಹೊತ್ತಿನಲ್ಲಿ ಅದೇ ಅಡುಗೆಮನೆಯಲ್ಲಿ ಮನೆಯವರಿಗೆ ಅಡುಗೆ ಮಾಡುವಂತಿಲ್ಲ. ಮನೆಯ ಪಾತ್ರೆ ತೊಳೆಯುವಂತಿಲ್ಲ. ಚಿಕ್ಕ ಮಕ್ಕಳು, ನಾಯಿ, ಬೆಕ್ಕು ಒಳಗೆ ಕಾಲಿಡುವಂತಿಲ್ಲ. ಅದೇ ಸಮಯಕ್ಕೆ ಮೈಸೂರಿನಿಂದ ಅತ್ತೆ ಬಂದರು.

'ನಿನ್ನ ಧನಿಯಾ ಹುರಿಯೋ ತನಕ ನನಗೆ ಕಾಫಿ ಇಲ್ವೇನೇ?'

'ಒಂದು ಗಂಟೆ ತಡ್ಕೊಳಿ ಅತ್ತೆ, ರೂಲ್ಸು.'

'ಯಾವನು ಮಾಡಿದ್ದು ಈ ರೂಲ್ಸು?'

ಕೊನೆಗೆ ಮಂಗಳವಾರ ಹತ್ತರಿಂದ ಒಂದರವರೆಗೆ ಅಂತ ಹೊತ್ತು ಗೊತ್ತು ಮಾಡಿಕೊಂಡೆವು. ಅವತ್ತು ಒಂಬತ್ತೂವರೆಗೇ ಅತ್ತೆ ಫ್ಲಾಸ್ಕ್ ತುಂಬಿಸಿಕೊಂಡು ಹಿತ್ತಲಿಗೆ ಹೋಗಿ ಕೂರುತ್ತಾರೆ. ಕಿಟಕಿಯಿಂದ ಘಮ ಬಂದರೆ ಅಲ್ಲಿಂದಲೇ ಕೂಗುತ್ತಾರೆ: 'ಮೆಂತ್ಯ ಸಾಕು, ಇಳಿಸೇ!'