ಮಕ್ಕಳಿಗೆ ಅವರ ಹಕ್ಕುಗಳನ್ನು ತಿಳಿಸಿಕೊಡುವ ಬಗೆ

ಮಕ್ಕಳ ಹಕ್ಕುಗಳ ಪಾಠವೆಂದರೆ ಸಾಮಾನ್ಯವಾಗಿ ಗೋಡೆಗೊಂದು ಪಟ್ಟಿ ಅಂಟಿಸಿ, ಅದನ್ನು ಬಾಯಿಪಾಠ ಮಾಡಿಸುವುದೇ ಆಗಿರುತ್ತದೆ. ಮಕ್ಕಳು ಅದನ್ನು ತಪ್ಪಿಲ್ಲದೆ ಒಪ್ಪಿಸುತ್ತಾರೆ, ಕೆಲವೇ ದಿನಗಳಲ್ಲಿ ಮರೆತೂ ಬಿಡುತ್ತಾರೆ. ತನ್ನ ಮಾತಿಗೆ ಹಿರಿಯರ ಎದುರು ಬೆಲೆಯಿದೆ ಎಂಬುದು ಆ ಪಾಠದ ಹೊತ್ತಿನಲ್ಲೇ ಅನುಭವಕ್ಕೆ ಬಂದರೆ ಮಾತ್ರ ಹಕ್ಕು ತನ್ನದೆಂದು ಮಗುವಿಗೆ ಅನ್ನಿಸುತ್ತದೆ. ಹೇಳಿಕೊಡುವ ವಿಧಾನವನ್ನೆಲ್ಲ ಈ ಒಂದು ಅಂಶದ ಸುತ್ತ ಕಟ್ಟಿಕೊಳ್ಳಬೇಕು.

ಮೊದಲು ನೀವು ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಒಮ್ಮೆ ಪೂರ್ತಿಯಾಗಿ ಓದಿಕೊಳ್ಳಿ. 1989ರ ನವೆಂಬರ್ 20ರಂದು ಮಹಾಸಭೆ ಅಂಗೀಕರಿಸಿದ ಈ ಒಡಂಬಡಿಕೆಯಲ್ಲಿ 54 ವಿಧಿಗಳಿದ್ದು, ಹದಿನೆಂಟು ವರ್ಷ ತುಂಬದ ಎಲ್ಲರನ್ನೂ ಅದು ಸಾಮಾನ್ಯವಾಗಿ ಮಗು ಎಂದೇ ಪರಿಗಣಿಸುತ್ತದೆ. ಅದರಲ್ಲಿರುವ ಹಕ್ಕುಗಳನ್ನು ಹಿರಿಯರಿಗೂ ಮಕ್ಕಳಿಗೂ ತಿಳಿಯಪಡಿಸುವುದು ಸರ್ಕಾರಗಳ ಕರ್ತವ್ಯವೆಂದು 42ನೆಯ ವಿಧಿ ಹೇಳುತ್ತದೆ; ಆದ್ದರಿಂದ ನೀವು ಮಾಡಹೊರಟಿರುವ ಪಾಠ ಆ ಒಡಂಬಡಿಕೆಯೊಳಗೇ ಬರೆದಿಟ್ಟ ಕೆಲಸ. ಆದರೆ ಮಕ್ಕಳ ಮುಂದೆ ವಿಧಿಗಳ ಸಂಖ್ಯೆ ಹೇಳುವ ಅಗತ್ಯವಿಲ್ಲ.

ಎಂಟರಿಂದ ಹನ್ನೆರಡು ವರ್ಷದ ಮಕ್ಕಳಿಗೆ ಚೀಟಿಗಳ ಚಟುವಟಿಕೆ ಚೆನ್ನಾಗಿ ಒಗ್ಗುತ್ತದೆ. ಇಪ್ಪತ್ತು ಚೀಟಿಗಳ ಮೇಲೆ ಕುಡಿಯುವ ನೀರು, ಹೊಸ ಬೂಟು, ಔಷಧ, ಮೊಬೈಲ್, ಆಟದ ಸಮಯ, ಮಿಠಾಯಿ, ಶಾಲೆ, ಹೆಸರು, ಹೊಡೆತವಿಲ್ಲದ ಮನೆ, ಅನಿಸಿದ್ದನ್ನು ಹೇಳುವ ಅವಕಾಶ ಮುಂತಾದವನ್ನು ಬೆರೆಸಿ ಬರೆಯಿರಿ. ನಾಲ್ಕು ಮಕ್ಕಳ ಗುಂಪಿಗೊಂದು ಕಟ್ಟು ಕೊಟ್ಟು, ಇವುಗಳಲ್ಲಿ ಆರನ್ನು ಬಿಟ್ಟುಕೊಡಿ ಎನ್ನಿ. ಅದಾದ ಮೇಲೆ ಇನ್ನೂ ಆರನ್ನು ಕೇಳಿ. ಮೊದಲ ಸುತ್ತಿನಲ್ಲಿ ಮಿಠಾಯಿ, ಮೊಬೈಲ್ ಸಲೀಸಾಗಿ ಹೊರಬೀಳುತ್ತವೆ, ಎರಡನೆಯ ಸುತ್ತಿನಲ್ಲಿ ಕೈ ತಡೆಯುತ್ತದೆ. ಆಸೆಗೂ ಅಗತ್ಯಕ್ಕೂ ಇರುವ ವ್ಯತ್ಯಾಸವನ್ನು ನೀವು ವಿವರಿಸುವ ಮೊದಲೇ ಮಕ್ಕಳು ಕಂಡುಕೊಂಡಿರುತ್ತಾರೆ.

ನಾನು ನಡೆಸಿದ ಇಂಥದೊಂದು ತರಗತಿಯಲ್ಲಿ ಒಬ್ಬ ಹುಡುಗ ‘ಹೆಸರು’ ಎಂಬ ಚೀಟಿಯನ್ನು ಆಚೆಗಿಟ್ಟು, ಹೆಸರಿಲ್ಲದೆಯೂ ಊಟ ಮಾಡಬಹುದು ಎಂದ. ಪಕ್ಕದಲ್ಲಿದ್ದ ಹುಡುಗಿ, ‘ಹಾಗಾದರೆ ಹಾಜರಿ ಕೂಗುವಾಗ ನಿನ್ನನ್ನು ಏನಂತ ಕರೀತಾರೆ? ಆಸ್ಪತ್ರೆಯಲ್ಲಿ ಚೀಟಿ ಯಾರ ಹೆಸರಿಗೆ ಬರೀತಾರೆ?’ ಎಂದು ಕೇಳಿದಳು. ಅವನು ಸ್ವಲ್ಪ ಹೊತ್ತು ಸುಮ್ಮನೆ ಕುಳಿತು, ಚೀಟಿಯನ್ನು ಮೆಲ್ಲನೆ ತನ್ನತ್ತ ಎಳೆದುಕೊಂಡ. ಜನನ ನೋಂದಣಿ ಮತ್ತು ಹೆಸರಿನ ಹಕ್ಕು ಒಡಂಬಡಿಕೆಯಲ್ಲಿ ಏಕಿದೆ, ಒಂದು ಹಕ್ಕು ಕೈತಪ್ಪಿದರೆ ಅದನ್ನು ನೆಚ್ಚಿಕೊಂಡ ಬೇರೆ ಹಕ್ಕುಗಳೂ ಹೇಗೆ ಸಡಿಲವಾಗುತ್ತವೆ ಎಂಬುದನ್ನು ಅದಕ್ಕಿಂತ ಸ್ಪಷ್ಟವಾಗಿ ಹೇಳಲು ನನ್ನಿಂದ ಆಗುತ್ತಿರಲಿಲ್ಲ. ಇಂಥ ಮಾತುಕತೆ ಶುರುವಾದಾಗ ಹಿರಿಯರು ನಡುವೆ ಬಾಯಿ ಹಾಕದಿರುವುದೇ ಲೇಸು.

ಪಾಠದ ನಡುವೆ ಒಂದು ತಪ್ಪು ಬಹಳ ಸುಲಭವಾಗಿ ನುಸುಳುತ್ತದೆ. ‘ಹೋಮ್‌ವರ್ಕ್ ಮಾಡಿದರೆ ಮಾತ್ರ ಆಟದ ಹಕ್ಕು’, ‘ಕರ್ತವ್ಯ ಮಾಡದವರಿಗೆ ಹಕ್ಕು ಇಲ್ಲ’ ಎಂಬ ಮಾತುಗಳನ್ನು ಒಳ್ಳೆಯ ಉದ್ದೇಶದಿಂದಲೇ ಆಡುತ್ತೇವೆ. ಆದರೆ ವಿಶ್ರಾಂತಿಯ ಮತ್ತು ಆಟದ ಹಕ್ಕನ್ನು ಹೇಳುವ 31ನೆಯ ವಿಧಿಯಾಗಲಿ, ಶಿಕ್ಷಣದ ಹಕ್ಕನ್ನು ಹೇಳುವ 28ನೆಯ ವಿಧಿಯಾಗಲಿ ಒಳ್ಳೆಯ ನಡತೆಯನ್ನು ಷರತ್ತಾಗಿ ಇಟ್ಟಿಲ್ಲ. ಹಕ್ಕು ಬಹುಮಾನವಲ್ಲ, ತುಂಟ ಮಗುವಿಗೂ ಅದು ಅಷ್ಟೇ ಸಲ್ಲುತ್ತದೆ. ಹೊಣೆಗಾರಿಕೆಯನ್ನು ಬೇರೆ ದಾರಿಯಿಂದ ತನ್ನಿ: ‘ಮಾತನಾಡುವ ಹಕ್ಕು ನಿನಗಿದ್ದಂತೆ ಅವನಿಗೂ ಇದೆ, ಅವನು ಮಾತನಾಡುವಾಗ ನೀನು ಏನು ಮಾಡಬೇಕು?’ ಎಂದು ಕೇಳಿದರೆ ಉತ್ತರವನ್ನು ಮಗುವೇ ಹೇಳುತ್ತದೆ.

ಹಕ್ಕು ತಿಳಿದ ಮಕ್ಕಳು ಹೇಳಿದ ಮಾತು ಕೇಳುವುದಿಲ್ಲ ಎಂಬ ಅಳುಕು ಅನೇಕ ತಂದೆತಾಯಂದಿರಿಗಿದೆ. ಮಗುವಿಗೆ ಮಾರ್ಗದರ್ಶನ ಮಾಡುವ ಪೋಷಕರ ಹಕ್ಕು, ಹೊಣೆಗಳನ್ನು ಇದೇ ಒಡಂಬಡಿಕೆ ಗೌರವಿಸುತ್ತದೆ, ತಂದೆತಾಯಿಯರ ಬಗ್ಗೆ ಗೌರವ ಬೆಳೆಸುವುದನ್ನು ಶಿಕ್ಷಣದ ಉದ್ದೇಶಗಳಲ್ಲಿ ಸೇರಿಸುತ್ತದೆ ಎಂಬುದನ್ನು ಅವರಿಗೆ ತಿಳಿಸಿ. 12ನೆಯ ವಿಧಿಯ ಪ್ರಕಾರ ತನಗೆ ಸಂಬಂಧಿಸಿದ ವಿಷಯಗಳಲ್ಲಿ ಅಭಿಪ್ರಾಯ ಹೇಳುವ ಹಕ್ಕು ಮಗುವಿಗಿದೆ, ವಯಸ್ಸು ಮತ್ತು ಪ್ರಬುದ್ಧತೆಗೆ ತಕ್ಕಂತೆ ಅದಕ್ಕೆ ತೂಕ ಸಿಗಬೇಕು. ಕೊನೆಯ ತೀರ್ಮಾನ ಯಾವಾಗಲೂ ಮಗುವಿನದೇ ಎಂದು ಅದು ಹೇಳುವುದಿಲ್ಲ. ಇದನ್ನು ಅಭ್ಯಾಸಕ್ಕೆ ತರಲು ನಿಜವಾದ ಒಂದು ಸಣ್ಣ ನಿರ್ಧಾರವನ್ನು, ತರಗತಿಯಲ್ಲಿ ಕೂರುವ ವ್ಯವಸ್ಥೆಯನ್ನೋ ಓದುವ ವೇಳೆಯನ್ನೋ, ಮಕ್ಕಳ ಮುಂದಿಡಿ. ಅವರ ಸಲಹೆ ಒಪ್ಪಲಾಗದಿದ್ದರೆ ಕಾರಣ ತಿಳಿಸಿ. ಮೊದಲೇ ತೀರ್ಮಾನಿಸಿಟ್ಟು ಕೇಳಿದಂತೆ ಮಾಡಿದರೆ ಮಕ್ಕಳು ಅದನ್ನು ತಕ್ಷಣ ಗುರುತಿಸುತ್ತಾರೆ.

ತೀರಾ ಚಿಕ್ಕವರಿಗೆ ಗೊಂಬೆಗಳ ಕಥೆ ಸಾಕು. ದೊಡ್ಡ ಮಕ್ಕಳಿಗೆ ಇತಿಹಾಸವನ್ನೂ ಹೇಳಬಹುದು: ಮೊದಲ ಮಹಾಯುದ್ಧದ ನಂತರ ಹಸಿದ ಮಕ್ಕಳಿಗಾಗಿ ದುಡಿದ ಇಂಗ್ಲೆಂಡಿನ ಎಗ್ಲಂಟೈನ್ ಜೆಬ್ ರೂಪಿಸಿದ ಮಕ್ಕಳ ಹಕ್ಕುಗಳ ಘೋಷಣೆಯನ್ನು 1924ರಲ್ಲಿ, ವಿಶ್ವಸಂಸ್ಥೆಗಿಂತ ಮೊದಲಿದ್ದ ರಾಷ್ಟ್ರಸಂಘ ಅಂಗೀಕರಿಸಿತು, 1959ರಲ್ಲಿ ವಿಶ್ವಸಂಸ್ಥೆ ಇನ್ನೂ ವಿಸ್ತಾರವಾದ ಘೋಷಣೆಯನ್ನು ಹೊರಡಿಸಿತು.

ಹಿಂಸೆಯಿಂದ ರಕ್ಷಣೆಯ ವಿಷಯ ಬಂದಾಗ ಯಾವುದಾದರೂ ಮಗು ತನ್ನದೇ ನೋವನ್ನು ಹೇಳಿಕೊಳ್ಳಬಹುದು. ಅದಕ್ಕೆ ಸಿದ್ಧವಾಗದೆ ಪಾಠ ಆರಂಭಿಸಬೇಡಿ. ಮಗು ಹೇಳಿದ್ದನ್ನು ಎಲ್ಲರೆದುರು ಕೆದಕದೆ, ಬೇರೆ ಕಡೆ ಕೂತು ಸಮಾಧಾನದಿಂದ ಕೇಳಿ. ‘ಹೇಳಿದ್ದು ಒಳ್ಳೆಯದಾಯಿತು, ಇದರಲ್ಲಿ ನಿನ್ನ ತಪ್ಪಿಲ್ಲ’ ಎನ್ನಿ. ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಡಬೇಡಿ, ಸಹಾಯ ಮಾಡಬಲ್ಲವರಿಗೆ ತಿಳಿಸಬೇಕಾಗುತ್ತದೆ ಎಂದು ಮಗುವಿಗೇ ಹೇಳಿ. ಪ್ರಶ್ನೆಗಳ ಮೇಲೆ ಪ್ರಶ್ನೆ ಹಾಕದೆ, ಕೇಳಿದ್ದನ್ನು ಮಗುವಿನ ಮಾತುಗಳಲ್ಲೇ ಬರೆದಿಟ್ಟು, ಮಕ್ಕಳ ರಕ್ಷಣೆಯ ಹೊಣೆ ಹೊತ್ತ ಅಧಿಕಾರಿಗಳಿಗೆ ತಡಮಾಡದೆ ತಿಳಿಸಿ. ಅವರನ್ನು ಸಂಪರ್ಕಿಸುವ ಬಗೆಯನ್ನು ಮೊದಲ ಚೀಟಿ ಬರೆಯುವ ಮುನ್ನವೇ ಗೊತ್ತುಮಾಡಿಕೊಂಡಿರಿ.