ಗುಮ್ಮಟ ಟೆಂಟಿನೊಳಗೆ ಹನಿ ತೊಟ್ಟಿಕ್ಕುವುದು ನಿಂತಿದ್ದು ಹೀಗೆ

ಟೊರಾಂಟೊದ ಜನವರಿ, ಹೊರಗೆ ಮೈನಸ್ 10 ಡಿಗ್ರಿ. ಹಿತ್ತಲಿನ ಪಾರದರ್ಶಕ ಪಿವಿಸಿ ಪ್ಲಾಸ್ಟಿಕ್ ಹಾಳೆಯ ಗುಮ್ಮಟ ಟೆಂಟಿನಲ್ಲಿ ಹೀಟರ್ ಹಾಕಿದ ಸ್ವಲ್ಪ ಹೊತ್ತಿಗೇ ಒಳಮೈಯೆಲ್ಲ ಮಬ್ಬು, ಆಮೇಲೆ ತಲೆ ಮೇಲೆ ಹನಿ. ಸೋರಿಕೆಯಲ್ಲ ಅದು, ಉಸಿರಿನ ಮತ್ತು ನೆಲದ ತೇವ ತಣ್ಣನೆಯ ಹಾಳೆಗೆ ತಾಗಿ ನೀರಾಗುತ್ತದೆ. ಹೀಟರ್ ಜೋರು ಮಾಡಿದರೆ ನೆಲದ ತೇವ ಇನ್ನಷ್ಟು ಏಳುತ್ತದೆ, ಅಷ್ಟೇ.

ಹುಲ್ಲಿನ ಮೇಲೆ ದಪ್ಪ ಟಾರ್ಪಾಲು, ಅದರ ಮೇಲೆ ಫೋಮ್ ಮ್ಯಾಟ್ ಹಾಸಿದೆ. ಬಾಗಿಲ ಜಿಪ್ಪನ್ನು ಬುಡದಲ್ಲಿ ನಾಲ್ಕು ಬೆರಳು ತೆರೆದು, ನೆತ್ತಿಯ ಕಿಂಡಿಯನ್ನೂ ಬಿಚ್ಚಿಟ್ಟೆ. ಒಣಗಾಳಿ ಕೆಳಗಿಂದ ಬಂತು, ತೇವದ ಬಿಸಿಗಾಳಿ ಮೇಲಿಂದ ಹೋಯಿತು. ಶಾಖ ತುಸು ನಷ್ಟ, ಆಗಲಿ.

1500 ವಾಟ್ ಹೀಟರ್ 120 ವೋಲ್ಟಿನಲ್ಲಿ 12.5 ಆಂಪಿಯರ್ ಎಳೆಯುತ್ತದೆ. ತೆಳು ಎಕ್ಸ್‌ಟೆನ್ಶನ್ ವೈರು ಬಿಸಿಯಾಗುತ್ತದೆ, ಬೇಡ. ಇದ್ದಿಲು, ಗ್ಯಾಸ್ ಒಲೆ ಒಳಗೆ ತರಲೇಬಾರದು: ಕಾರ್ಬನ್ ಮಾನಾಕ್ಸೈಡ್ ಕೊಲ್ಲುತ್ತದೆ. ಹೆಪ್ಪುಗಟ್ಟಿದ ನೆಲಕ್ಕೆ ಗೂಟ ಇಳಿಯದು, ಮರಳುಚೀಲ ಕಟ್ಟಿ. ಕೊರೆಯುವ ಚಳಿಯಲ್ಲಿ ಹಾಳೆ ಮಡಚಿದರೆ ಮಡಿಕೆಯಲ್ಲೇ ಸೀಳೀತು.